ಕೈ ಎತ್ತುವ ಜಾಗ

ಆ ಹೆಂಗಸನ್ನು ಮೊದಲ ಸಲ ಕಂಡಾಗ ಈ ಬರಹಗಾರನಿಗೆ ಉಂಟಾದದ್ದು ಗೌರವವಲ್ಲ, ಸಣ್ಣದೊಂದು ಹೊಟ್ಟೆಯುರಿ. ಊರಿಗೆ ಊರೇ ಕದ ಹಾಕಿಕೊಂಡು ಕೂತಿದ್ದ ಲಾಕ್‌ಡೌನಿನ ಕಾಲ. ವ್ಯಾಯಾಮವನ್ನು ಇವತ್ತೇ ಶುರುಮಾಡುವುದೋ, ಸೋಮವಾರದವರೆಗೆ ಕಾಯುವುದೋ ಎಂದು ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ಗಹನವಾಗಿ ಯೋಚಿಸುತ್ತಿದ್ದಾಗ, ಕೆಳಗೆ ಸಮುದ್ರದಂಡೆಯ ಕಾಲುಹಾದಿಯಲ್ಲಿ ಕಿತ್ತಳೆ ಬಣ್ಣದ ಆಕೃತಿಯೊಂದು ಅತ್ತಿಂದಿತ್ತ ಓಡಾಡುತ್ತಿತ್ತು. ಒಂದು ಜಾಗಕ್ಕೆ ಬಂದ ಕೂಡಲೇ ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ ಬೀಸುತ್ತಿತ್ತು. ಮುಂದೆ ಹೋಗಿ ತಿರುಗಿ ಬಂದು ಮತ್ತೆ ಅದೇ ಜಾಗದಲ್ಲಿ ಕೈ ಎತ್ತುತ್ತಿತ್ತು. ಮನುಷ್ಯ ಕೈ ಎತ್ತಿದನೆಂದರೆ ಒಂದೋ ಶರಣಾಗುತ್ತಿದ್ದಾನೆ, ಇಲ್ಲವೇ ಬಸ್ಸು ನಿಲ್ಲಿಸುತ್ತಿದ್ದಾನೆ, ಎರಡೂ ಅಲ್ಲದಿದ್ದರೆ ವ್ಯಾಯಾಮ ಮಾಡುತ್ತಿದ್ದಾನೆ ಎಂಬುದು ಅಂದಿನ ತಿಳಿವಳಿಕೆ. ಜಗತ್ತೇ ಕೆಮ್ಮುತ್ತಿರುವಾಗ ತನ್ನ ತೋಳಿನ ಕೊಬ್ಬು ಕರಗಿಸಲು ಹೊರಟ ಇಂಥವರ ಮನಸ್ಸು ಎಷ್ಟು ನಿಶ್ಚಿಂತೆಯಾಗಿರಬೇಕು ಎಂದುಕೊಂಡದ್ದೂ ನಿಜ.

ಅವಳಿಗೆ ವ್ಯಾಯಾಮದ ಗೀಳಿರಲಿಲ್ಲ. ಅವಳು ಹಳೆಯ ಟಾಕೀಸಿನ ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದವಳು. ಹಾಗಿದ್ದೂ ಗುರುತು ಸಿಗದಿರುವುದಕ್ಕೆ ಕಾರಣವಿತ್ತು. ಊರಿನಲ್ಲಿ ಅವಳ ಮುಖ ಕಂಡವರು ಕಡಿಮೆ, ಕೈ ಕಂಡವರು ಎಲ್ಲರೂ. ಗೋಡೆಯಲ್ಲೊಂದು ತೂತು, ತೂತಿನೊಳಗೊಂದು ಕೈ, ಕೈಯಲ್ಲೊಂದು ಚೀಟಿ. ಊರಿನ ಪಾಲಿಗೆ ಅವಳು ಇಷ್ಟೇ. ಅವಳ ಪಾಲಿಗೆ ಊರೂ ಅಷ್ಟೇ. ಒಳಗೆ ಬರುವ ಕೈಗಳನ್ನು ನೋಡಿಯೇ ಹೊರಗಿನ ಮನುಷ್ಯರನ್ನು ಅಳೆಯುತ್ತಿದ್ದಳು: ಬೆವರಿದ ಕೈ ಮೂಲೆಯ ಸೀಟು ಕೇಳುತ್ತದೆ, ಉಂಗುರದ ಕೈ ಚಿಲ್ಲರೆ ಇಲ್ಲ ಅನ್ನುತ್ತದೆ, ಸೀಮೆಸುಣ್ಣದ ಕೈ ಮೇಷ್ಟರದು, ಅದು ಮೊದಲು ಹಿಂದೆ ಮುಂದೆ ನೋಡಿ ಆಮೇಲೆ ಒಳಗೆ ಬರುತ್ತದೆ. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಟಿಕೆಟ್ ಅಕ್ಕ ಎಂದೇ. ಎತ್ತರದ ಸ್ಟೂಲಿನ ಮೇಲೆ ಯೌವನವನ್ನೆಲ್ಲ ಕೂತೇ ಕಳೆದ ಫಲವಾಗಿ ಅವಳ ಮೊಣಕಾಲುಗಳು ಟಾಕೀಸಿನ ಬಾಗಿಲಿನ ಹಾಗೆಯೇ ಕಿರುಗುಟ್ಟುತ್ತಿದ್ದವು. ಡಾಕ್ಟರು ನಡೆಯಿರಿ ಎಂದಾಗಲೆಲ್ಲ, ನಡೆಯುವುದಕ್ಕೆ ಕಾಲು ಸರಿಯಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಗಂಡ ಟೈಲರ್. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಗಂಡಸರ ಬಟ್ಟೆಯಲ್ಲಿ ಈ ಊರಿಗೆ ತಾನೊಬ್ಬನೇ ಎಂದು ಅವನು ತನ್ನ ಬಗ್ಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದ. ಯಾರು ಎದುರಾದರೂ ಮುಖಕ್ಕೆ ಮುಂಚೆ ಕಾಲರ್ ನೋಡುತ್ತಿದ್ದ. ಸಾವಿನ ಮನೆಗೆ ಹೋಗಿ ಬಂದರೂ, ಪಾಪ, ಒಳ್ಳೆಯ ಮನುಷ್ಯ, ಆದರೆ ಮಗನ ಅಂಗಿಯ ತೋಳು ಎರಡು ಬೆರಳು ಉದ್ದ ಎಂದು ವರದಿ ಒಪ್ಪಿಸುತ್ತಿದ್ದ. ಅವನ ಮೆಷಿನ್ನನ್ನು ಹೆಂಡತಿ ಮುಟ್ಟುವ ಹಾಗಿರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಆ ಮೆಷಿನ್ನೇ ಮುದ್ದಿನ ಮಗ.

ಟಾಕೀಸು ಮುಚ್ಚಿತು, ಅಂಗಡಿ ಮುಚ್ಚಿತು, ಆಮೇಲೆ ಟೈಲರಿಗೆ ಜ್ವರ ಬಂತು. ಮೊದಲು ಹವಾಮಾನದ ಮೇಲೆ ಹಾಕಿದರು, ಆಮೇಲೆ ಧೂಳಿನ ಮೇಲೆ ಹಾಕಿದರು. ಕೊನೆಗೆ ಉಸಿರು ಒಳಗೆ ಹೋಗುವಾಗ ಸಿಳ್ಳೆ ಹೊಡೆಯತೊಡಗಿದ ಮೇಲೆ ಹಾಕುವುದಕ್ಕೆ ಯಾವ ನೆಪವೂ ಉಳಿಯಲಿಲ್ಲ. ಆಂಬುಲೆನ್ಸಿನವರು ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ ಬಟ್ಟೆ ತೊಟ್ಟು ಬಂದರು. ಟೈಲರ್ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಸ್ಟ್ರೆಚರ್ ಮೇಲೆ ಮಲಗಿದ. ಒಬ್ಬ ಅದನ್ನು ತೆಗೆದು ಹೆಂಡತಿಯ ಕಡೆಗೆ ಎಸೆದ. ಬಾಗಿಲು ಮುಚ್ಚುವ ಮುಂಚೆ ಟೈಲರ್ ಅವಳನ್ನು ಹತ್ತಿರ ಕರೆಯುವವನಂತೆ ಬೆರಳು ಆಡಿಸಿ, ಆ ಪ್ಲಾಸ್ಟಿಕ್ ಬಟ್ಟೆಯವನ ಬೆನ್ನು ತೋರಿಸಿ ಹೇಳಿದ:

"ನೋಡೇ, ಹೊಲಿಗೆ ಬಿಟ್ಟಿದೆ."

ಇಷ್ಟು ವರ್ಷ ಜೊತೆಗೆ ಬಾಳಿ ಬದುಕಿದ ಮೇಲೆ, ಗಂಡ ತನ್ನೊಡನೆ ಆಡಿದ ಕೊನೆಯ ಮಾತು ಇದೇ ಆಗಿಬಿಟ್ಟರೆ? ಆ ಯೋಚನೆ ಅವಳ ಎದೆಗೆ ಮುಳ್ಳಿನ ಹಾಗೆ ನಾಟಿಕೊಂಡಿತು. ಅವನು ಬದುಕಿ ಬರಬೇಕು. ಬರುವವರೆಗೆ ಅಲ್ಲಿ ತಾನು ಒಬ್ಬನೇ ಬಿದ್ದಿದ್ದೇನೆ ಎಂದು ಅವನಿಗೆ ಅನ್ನಿಸಬಾರದು. ಅವಳಿಗೆ ಬೇಕಾದದ್ದು ಇಷ್ಟೇ, ಆದರೆ ಆ ದಿನಗಳಲ್ಲಿ ಅಷ್ಟನ್ನು ಕೊಡುವವರು ಯಾರೂ ಇರಲಿಲ್ಲ. ಅವಳ ಮೂಗಿಗೆ ಕಡ್ಡಿ ಹಾಕಿ ನೋಡಿ, ರೋಗವೇನೂ ಇಲ್ಲ ಎಂದರು. ಎಂದ ಮೇಲೂ ಬಾಗಿಲಿಗೆ ಚೀಟಿ ಅಂಟಿಸಿ ಒಳಗೆ ಕೂಡಿಹಾಕಿದರು. ಅವನ ಫೋನು ಮನೆಯಲ್ಲೇ ಬಟ್ಟೆಯ ರಾಶಿಯ ಕೆಳಗೆ ಸಿಕ್ಕಿಕೊಂಡು, ನನ್ನ ಪ್ಯಾಂಟು ಯಾವಾಗ ಕೊಡ್ತೀರಿ ಎಂದು ಕೇಳುವವರಿಗಾಗಿ ಬಡಿದುಕೊಳ್ಳುತ್ತಿತ್ತು.

ಆಸ್ಪತ್ರೆಯ ವಿಚಾರಣೆಯ ನಂಬರಿಗೆ ದಿನಾ ಫೋನು ಮಾಡಿದಳು. ಮೊದಲ ದಿನ ಒಬ್ಬ ಪುಣ್ಯಾತ್ಗಿತ್ತಿ, ಮೂರನೇ ಮಹಡಿ, ಸಮುದ್ರದ ಕಡೆ, ಕೊನೆಯ ಕಿಟಕಿಯ ಪಕ್ಕದ ಹಾಸಿಗೆ ಎಂದು ಹೇಳಿದಳು. ಆಮೇಲೆ ಸಿಕ್ಕಿದ್ದೆಲ್ಲ ಒಂದೇ ಉತ್ತರ: ಸ್ಥಿತಿ ಸ್ಥಿರವಾಗಿದೆ. ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಿಂಡಿಯ ಹಿಂದೆ ಕೂತು ಹೌಸ್‌ಫುಲ್, ಹೌಸ್‌ಫುಲ್ ಎನ್ನುವಾಗ ತನ್ನದೂ ಅದೇ ದನಿಯಾಗಿತ್ತು. ಆ ದನಿಯವರು ಸೀಟಿನ ಕಡೆ ತಿರುಗಿಯೂ ನೋಡಿರುವುದಿಲ್ಲ.

ಬಾಗಿಲಿನ ಚೀಟಿ ಕಿತ್ತ ಮಾರನೆಯ ಬೆಳಿಗ್ಗೆ ಅವಳು ಕಾಲೆಳೆದುಕೊಂಡು ಸಮುದ್ರದಂಡೆಗೆ ಹೋದಳು. ಆಸ್ಪತ್ರೆಯ ಬೆನ್ನು ದಂಡೆಯ ರಸ್ತೆಗೇ ಇತ್ತು. ಹಳೆಯ ಹಳದಿ ಕಟ್ಟಡ, ಉಪ್ಪುಗಾಳಿಗೆ ಗೋಡೆಯೆಲ್ಲ ಪಡುವಣದ ಕಡೆಯಿಂದ ಸಿಪ್ಪೆಯೇಳುತ್ತಿತ್ತು. ಐಸ್‌ಕ್ರೀಮಿನ ಗಾಡಿಗಳು ಮಗುಚಿ ಬಿದ್ದಿದ್ದವು. ದೋಣಿಗಳನ್ನು ದಡಕ್ಕೆಳೆದು ಕಟ್ಟಿದ್ದರು. ಅವಳು ಮೂರನೇ ಮಹಡಿಯ ಕೊನೆಯ ಕಿಟಕಿ ಹುಡುಕಿ, ಎದುರಿಗೆ ನಿಂತು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕಾನ್‌ಸ್ಟೇಬಲ್ ಲಾಠಿ ಆಡಿಸುತ್ತ ಬಂದ.

"ನಿಲ್ಲೋ ಹಾಗಿಲ್ಲಮ್ಮ, ನಡೀರಿ. ವ್ಯಾಯಾಮಕ್ಕೆ ಮಾತ್ರ ಪರ್ಮಿಷನ್."

"ಒಂದು ಗಳಿಗೆ ನಿಂತ್ರೆ ಏನಪ್ಪಾ ಆಗುತ್ತೆ?"

"ನಡೆದ್ರೆ ವ್ಯಾಯಾಮ. ನಿಂತ್ರೆ ಗುಂಪು."

"ನಾನೊಬ್ಳೇ ಇದ್ದೀನಲ್ಲ, ಗುಂಪೆಲ್ಲಿ ಬಂತು?"

"ಎಲ್ಲಾ ಗುಂಪೂ ಒಬ್ರಿಂದಲೇ ಶುರುವಾಗೋದು," ಎಂದ ಅವನು. ಪಾಪ, ಮೇಲಿನವರು ಹೇಳಿಕೊಟ್ಟ ಮಾತಿರಬೇಕು. ಇಲ್ಲದಿದ್ದರೆ ಅಷ್ಟು ಬೆಳಿಗ್ಗೆ ಯಾರಿಗೂ ಇಷ್ಟು ತತ್ವ ಹೊಳೆಯುವುದಿಲ್ಲ.

ಹಾಗಾಗಿ ಅವಳು ನಡೆದಳು. ಕಿಟಕಿಯನ್ನು ದಾಟಿ, ಮುರಿದ ಬೆಂಚಿನವರೆಗೆ ಹೋಗಿ, ತಿರುಗಿ, ಮತ್ತೆ ಕಿಟಕಿಯ ಮುಂದೆ. ನಿಲ್ಲುವುದಕ್ಕೆ ಅಪ್ಪಣೆಯಿಲ್ಲದ ಕಡೆ ನಿಂತಂತೆ ಇರಬೇಕಾದರೆ ನಡೆಯುತ್ತಲೇ ಇರಬೇಕು. ಮೊದಲ ದಿನ ಕಿಟಕಿಯಲ್ಲಿ ಯಾರೂ ಕಾಣಲಿಲ್ಲ. ಎರಡನೆಯ ದಿನ ಗಾಜಿನ ಹಿಂದೆ ಏನೋ ಬೆಳ್ಳಗೆ ಅಲುಗಿತು, ಆದರೆ ಇವಳನ್ನು ಗುರುತಿಸಿದಂತೆ ಕಾಣಲಿಲ್ಲ. ಅಷ್ಟು ಮೇಲಿನಿಂದ ಮಾಸಿದ ಬಟ್ಟೆಯ ಹೆಂಗಸು ಕಲ್ಲಿನಲ್ಲಿ ಕಲ್ಲು. ಮನೆಗೆ ಬಂದವಳೇ ಅಂಗಡಿಯ ಬೀರು ತೆಗೆದಳು. ಯಾವುದೋ ಶಾಲೆಯ ಕ್ರೀಡಾ ತಂಡಕ್ಕೆಂದು ತರಿಸಿ, ಶಾಲೆಯೇ ಮುಚ್ಚಿದ್ದರಿಂದ ಉಳಿದುಹೋಗಿದ್ದ ಕಿತ್ತಳೆ ಬಣ್ಣದ ಬಟ್ಟೆಯ ಥಾನು ಅಲ್ಲಿತ್ತು. ಕಣ್ಣು ಕುಕ್ಕುವ ಬಣ್ಣ. ಕಳ್ಳ ಕೂಡ ಮುಟ್ಟದಂಥದ್ದು. ಮುಟ್ಟಬಾರದ ಮೆಷಿನ್ನಿನ ಮುಂದೆ ಕೂತು ಅದನ್ನು ಉದ್ದಕ್ಕೆ ಹೊಲಿದು ಮೈಮೇಲೆ ಹಾಕಿಕೊಂಡಳು. ಅದು ಕೋಟೂ ಅಲ್ಲ, ನಿಲುವಂಗಿಯೂ ಅಲ್ಲ. ದೂರದಿಂದ ನೋಡಿದರೆ ಮುಂದೆ ರಸ್ತೆ ಕೆಲಸ ನಡೆದಿದೆ ಎಂಬ ಫಲಕ. ತೋಳು ಒಂದು ಗಿಡ್ಡ, ಒಂದು ಉದ್ದ. ನೋಡಿದರೆ ಬೈಯುತ್ತಾನೆ, ಬೈಯುವುದಕ್ಕಾದರೂ ಎದ್ದು ಕೂರಲಿ ಎಂದುಕೊಂಡಳು.

ಮಾರನೆಯ ಬೆಳಿಗ್ಗೆ ಕಿಟಕಿಯ ಎದುರು ಬಂದು ಎರಡೂ ಕೈ ಎತ್ತಿ ಬೀಸಿದಳು. ಗಾಜಿನ ಹಿಂದಿನ ಬಿಳಿ ಆಕೃತಿ ಸುಮ್ಮನೆ ಇತ್ತು. ಆಮೇಲೆ ನಿಧಾನವಾಗಿ ಒಂದು ಕೈ ಮೇಲೆ ಬಂತು. ಭುಜದವರೆಗೆ ಮಾತ್ರ ಬಂದು ನಿಂತಿತು. ಕತ್ತರಿ ಹಿಡಿದು ಹಿಡಿದು ಟೈಲರಿನ ಬಲಭುಜ ಬಿಗಿದುಕೊಂಡಿತ್ತು. ಅದಕ್ಕಿಂತ ಮೇಲೆ ಕೈ ಏಳುತ್ತಿರಲಿಲ್ಲ. ಅವನೇ. ಸಂಶಯವೇ ಬೇಡ. ಮುರಿದ ಬೆಂಚಿನ ಹತ್ತಿರ ಹೋಗಿ ಬೂಟಿನ ದಾರ ಕಟ್ಟುವವಳಂತೆ ಬಗ್ಗಿ, ಬೂಟೇ ಇಲ್ಲದ ಕಾಲಿನ ಮೇಲೆ ಕಣ್ಣೀರು ಸುರಿಸಿದಳು. ಬಗ್ಗುವುದು ವ್ಯಾಯಾಮವಾದ್ದರಿಂದ ಕಾನ್‌ಸ್ಟೇಬಲ್ ಏನೂ ಅನ್ನಲಿಲ್ಲ.

ಅಲ್ಲಿಂದ ಶುರುವಾಯಿತು ಕೈಮಾತು. ಹೊಟ್ಟೆಗೆ ಹಾಕಿದೆಯಾ ಎಂದು ಬಾಯಿಯ ಕಡೆ ಬೆರಳು ಮಡಿಸಿ ಕೇಳುವಳು. ಮೇಲಿನ ಕೈ ಅಲುಗುತ್ತಿತ್ತು. ಗಾಳಿಯಿದ್ದ ದಿನ ಹೊದ್ದುಕೋ ಎಂದು ತೋರಿಸುವಳು. ತಲೆ ಬಾಚಿಕೊಳ್ಳೋಕೇನು ಧಾಡಿ ಎಂದೂ ಒಂದು ದಿನ ಬೈದದ್ದಿದೆ. ಇದಕ್ಕೆಲ್ಲ ಕಿಟಕಿಯ ಮುಂದಿನ ಒಂದಿಷ್ಟು ಹೆಜ್ಜೆಗಳಷ್ಟೇ ಅವಕಾಶ, ಉಳಿದ ಮಾತು ಮುಂದಿನ ಸುತ್ತಿಗೆ. ಗಂಡ ಇಷ್ಟು ವಿಧೇಯನಾಗಿ ಕೇಳಿಸಿಕೊಂಡದ್ದು ಮದುವೆಯಾದ ಮೇಲೆ ಇದೇ ಮೊದಲು. ಅದು ಅವಳನ್ನು ಸ್ವಲ್ಪ ಹೆದರಿಸಿತು ಕೂಡ. ಮಾತು ಕೇಳುತ್ತಾನೆಂದರೆ ಮೈ ತೀರಾ ಕೆಟ್ಟಿರಬೇಕು. ಆಸ್ಪತ್ರೆಯ ಪಕ್ಕದ ಗೇಟಿನಿಂದ ಬೆಳಿಗ್ಗೆ ಬೆಳಿಗ್ಗೆಯೇ ಸೈರನ್ ಹಾಕದ ವ್ಯಾನುಗಳು ಹೊರಡುತ್ತಿದ್ದವು. ಅವಳು ಆ ಕಡೆ ನೋಡದೆ ಮೊದಲು ಕಿಟಕಿ ನೋಡುತ್ತಿದ್ದಳು. ಕೈ ಎದ್ದರೆ ಇವತ್ತಿಗೆ ಇದ್ದಾನೆ.

ಇದೇ ಹೊತ್ತಿಗೆ ದಂಡೆಯಲ್ಲಿ ವಾಕಿಂಗಿನವರ ಸಂಖ್ಯೆ ಬೆಳೆಯಿತು. ಮನೆಯಲ್ಲಿ ಕೂತು ಕೂತು ಹುಚ್ಚು ಹಿಡಿದವರಿಗೆಲ್ಲ ಇದ್ದಕ್ಕಿದ್ದಂತೆ ಹೃದಯದ ಚಿಂತೆ ಹತ್ತಿತ್ತು. ಇವರಿಗೆ ಮುಂದಾಳು ಎಂದರೆ ಡೈರೆಕ್ಟರ್ ಸಾಹೇಬರು. ಯಾವ ಇಲಾಖೆಯ ಡೈರೆಕ್ಟರು ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ನಿವೃತ್ತಿಯಾಗಿದೆ ಎಂದು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಬಿಳಿ ಟೋಪಿ, ಬಿಳಿ ಬೂಟು, ನಡುವೆ ಅಪಾರವಾದ ಅಭಿಪ್ರಾಯ. ದಿನಾ ಒಂದೇ ಜಾಗದಲ್ಲಿ ಕೈ ಎತ್ತುವ ಕಿತ್ತಳೆ ಹೆಂಗಸನ್ನು ಅವರು ಗಮನಿಸಿದರು. ಏನಿದು ಎಂದು ಅವಳನ್ನೇ ಕೇಳಬಹುದಿತ್ತು, ಆದರೆ ಗೊತ್ತಿಲ್ಲದ್ದನ್ನು ಕೇಳುವ ಅಭ್ಯಾಸ ಅವರ ಸರ್ವೀಸಿನಲ್ಲೇ ಬಿಟ್ಟುಹೋಗಿತ್ತು. ಅಲ್ಲಿ ದಂಡೆ ಸ್ವಲ್ಪ ಬಾಗುವುದರಿಂದ ಗಾಳಿ ನೇರ ಬೀಸುತ್ತದೆ, ಕೈ ಎತ್ತಿದರೆ ಪಕ್ಕೆಲುಬು ಬಿಚ್ಚಿಕೊಂಡು ಶ್ವಾಸಕೋಶದ ತಳದವರೆಗೆ ಉಪ್ಪುಗಾಳಿ ಹೋಗುತ್ತದೆ ಎಂದು ತಾವೇ ಕಂಡುಹಿಡಿದು, ಹಿಂದಿನವರಿಗೆ ವಿವರಿಸಿದರು. ಮಾರನೆಯ ದಿನ ಅವರೂ ಅಲ್ಲಿ ಕೈ ಎತ್ತಿದರು. ಅದರ ಮಾರನೆಯ ದಿನ ಅವರ ಹಿಂದಿನವರೆಲ್ಲ ಎತ್ತಿದರು. ವಾರ ಕಳೆಯುವುದರೊಳಗೆ ಆ ಜಾಗಕ್ಕೆ ಬಂದವರು ಬ್ಯಾಂಕಿನವರಾಗಲಿ, ಬೇಕರಿಯವರಾಗಲಿ, ಎರಡೂ ಕೈ ಮೇಲೆತ್ತಿ ಬೀಸದೆ ಮುಂದೆ ಹೋಗುತ್ತಿರಲಿಲ್ಲ. ಹಾಗೆ ಮಾಡಿದ ಮೇಲೆ ತಮ್ಮ ಕೆಮ್ಮು ನಿಂತಿತೆಂದು ಸಾಕ್ಷಿ ಹೇಳುವವರೂ ಹುಟ್ಟಿಕೊಂಡರು.

ಟಿಕೆಟ್ ಅಕ್ಕನಿಗೆ ಮೊದಲು ಗಾಬರಿ, ಆಮೇಲೆ ನಗು. ಆದರೆ ಮೇಲೆ ನೋಡಿದರೆ, ಆ ಕಿಟಕಿಯ ಪಕ್ಕದ ಕಿಟಕಿಗಳಲ್ಲೂ ಈಗ ಬಿಳಿ ಆಕೃತಿಗಳು ಬಂದು ನಿಲ್ಲುತ್ತಿದ್ದವು. ಕೆಳಗೆ ಊರಿನ ಅರ್ಧ ಜನ ತಮ್ಮ ಶ್ವಾಸಕೋಶಕ್ಕಾಗಿ ಕೈ ಬೀಸುತ್ತಿದ್ದರು. ಮೇಲೆ ಶ್ವಾಸಕೋಶ ಕೈಕೊಟ್ಟವರು ಅದನ್ನು ತಮಗೆಂದು ತಿಳಿದು ತಿರುಗಿ ಕೈ ಬೀಸುತ್ತಿದ್ದರು. ಇದನ್ನು ಬಿಡಿಸಿ ಹೇಳಿದರೆ ಎರಡು ಕಡೆಯ ಕೈಗಳೂ ಇಳಿದುಹೋಗುತ್ತವೆ ಎಂದು ಅವಳು ತುಟಿ ಬಿಚ್ಚಲಿಲ್ಲ.

ಈ ನಡುವೆ ಅವಳ ಮೈ ಅವಳಿಗೇ ದ್ರೋಹ ಬಗೆಯತೊಡಗಿತು. ಮೊಣಕಾಲಿನ ಕಿರುಗುಟ್ಟುವಿಕೆ ಒಂದು ದಿನ ಕೇಳಲಿಲ್ಲ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದನ್ನು ಮರೆತಳು. ದಿಂಬಿಗೆ ತಲೆ ಇಟ್ಟರೆ ಬೆಳಗಾಗುತ್ತಿತ್ತು. ಎಲ್ಲಕ್ಕಿಂತ ನಾಚಿಕೆಗೇಡು ಹಸಿವು. ಗಂಡ ಅಲ್ಲಿ ನಳಿಗೆಯಲ್ಲಿ ಉಸಿರು ಕುಡಿಯುತ್ತಿರುವಾಗ ಇವಳು ಇಲ್ಲಿ ತಟ್ಟೆಯನ್ನು ಬೆರಳಿನಿಂದ ಒರೆಸಿ ಉಣ್ಣುತ್ತಿದ್ದಳು. ಬೆಳಗಿನ ಗಾಳಿ ಮುಖಕ್ಕೆ ತಾಗಿದಾಗ ಒಳಗೊಳಗೆ ಏನೋ ಹಗುರವಾಗುತ್ತಿತ್ತು. ಹಗುರವಾದ ಮರುಗಳಿಗೆಯೇ ಯಾರೋ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಒಂದು ಸಂಜೆ ಬೇರೆ ಊರಿನಿಂದ ನಾದಿನಿ ಫೋನು ಮಾಡಿ, ಅಣ್ಣನ ವಿಷಯ ಕೇಳಿ ಅತ್ತು, ಅಳು ಮುಗಿದ ಮೇಲೆ ಹೇಳಿದಳು: "ನಿಮ್ಮ ದನಿ ಮಾತ್ರ ಗಟ್ಟಿಯಾಗಿದೆ ನೋಡಿ ಅತ್ತಿಗೆ. ಆರಾಮಾಗಿದ್ದೀರಿ ಅನ್ಸುತ್ತೆ."

ಅಂದಿನಿಂದ ನಾದಿನಿಯ ಫೋನು ಬಂದರೆ ಟಿಕೆಟ್ ಅಕ್ಕ ಸಣ್ಣಗೆ, ಬಾವಿಯೊಳಗಿನಿಂದ ಬಂದಂತೆ ಮಾತಾಡತೊಡಗಿದಳು. ಅಳುವಿಗೆ ಕಷ್ಟವಿರಲಿಲ್ಲ, ಅದು ಹೇಗೂ ಇತ್ತು. ಆದರೆ ಆರೋಗ್ಯವನ್ನು ಬಚ್ಚಿಡುವುದು ಹೊಸ ಕೆಲಸ. ಒಂದು ಹೊತ್ತು ಊಟ ಬಿಟ್ಟು ನೋಡಿದಳು. ಮಾರನೆಯ ದಿನ ಕಾಲುಗಳು ಮತ್ತೂ ಚುರುಕಾಗಿ ನಡೆದವು. ದಂಡೆಗೆ ಹೋಗದೆ ಇರೋಣವೆಂದರೆ ಕಿಟಕಿಯಲ್ಲಿ ಒಬ್ಬ ಕಾಯುತ್ತಿರುತ್ತಾನೆ.

ಒಂದು ಮಧ್ಯಾಹ್ನ ಹೇಳದೆ ಕೇಳದೆ ಆಂಬುಲೆನ್ಸ್ ಬಂದು ಟೈಲರನ್ನು ಬಾಗಿಲಿಗೆ ಇಳಿಸಿ ಹೋಯಿತು. ಅರ್ಧ ಆಳು ಉಳಿದಿದ್ದ. ಅಂಗಿ ಹ್ಯಾಂಗರಿಗೆ ಹಾಕಿದಂತೆ ಭುಜದಿಂದ ಜೋತಾಡುತ್ತಿತ್ತು. ಬಾಗಿಲಿನಿಂದ ಕುರ್ಚಿಯವರೆಗೆ ಬರುವಷ್ಟರಲ್ಲಿ ಎರಡು ಸಲ ಗೋಡೆಗೆ ಒರಗಿದ. ಅವಳು ನೀರು ಕೊಟ್ಟಳು, ದಿಂಬು ಕೊಟ್ಟಳು, ಅವನ ಕಾಲಿನ ಹತ್ತಿರ ಕೂತಳು. ಅವನು ಮನೆಯೆಲ್ಲ ಕಣ್ಣಾಡಿಸಿದ. ಮೊಳೆಗೆ ನೇತುಹಾಕಿದ್ದ ಕಿತ್ತಳೆ ಬಟ್ಟೆಯ ಮೇಲೆ ಕಣ್ಣು ನಿಂತಿತು.

"ಏನದು?"

"ಯಾವುದು?"

"ಅದೇ, ಆ ಕಿತ್ತಳೆ ವೇಷ. ಯಾರು ಹೊಲಿದಿದ್ದು ಅದನ್ನ? ತೋಳು ನೋಡು, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ."

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಎದುರಿಗೆ ಬಂದವನ ಮುಖಕ್ಕೆ ಮುಂಚೆ ಕಾಲರ್ ನೋಡುವ ಮನುಷ್ಯ ಇವನು.

"ದಿನಾ ನೋಡ್ತಿದ್ರಲ್ಲ," ಎಂದಳು. "ಕಿಟಕಿಯಿಂದ."

"ಯಾವ ಕಿಟಕಿ? ಎರಡನೇ ದಿನಾನೇ ಆ ಕಡೆಯಿಂದ ಎತ್ತಿ ಒಳಗಡೆ ಹಾಕಿದ್ರು ಕಣೇ. ಅಲ್ಲಿ ಆಕ್ಸಿಜನ್ ಪೈಪು ಕೆಟ್ಟಿತ್ತಂತೆ. ನನ್ನ ಹಾಸಿಗೆ ಇದ್ದಿದ್ದು ಅಡುಗೆ ಕೋಣೆ ಪಕ್ಕ. ಕಂಡಿದ್ದು ಒಂದು ಹೊಗೆ ಕೊಳವೆ, ಒಂದು ಕಾಗೆ. ಇಷ್ಟು ದಿನದಲ್ಲಿ ನಮ್ಮವರು ಅಂತ ಒಬ್ಬರ ಮುಖ ಕಂಡಿಲ್ಲ."

ಅವನು ಅದನ್ನು ದೂರಿನಂತೆ ಹೇಳಲಿಲ್ಲ, ಸುಮ್ಮನೆ ಹೇಳಿದ. ಅವಳಿಗೆ ಅದೇ ಹೆಚ್ಚು ತಾಗಿತು. ಯಾವುದು ಆಗಬಾರದೆಂದು ಇಷ್ಟು ದಿನ ಕಾಲು ಸವೆಸಿದಳೋ ಅದೇ ಆಗಿಹೋಗಿತ್ತು. ಅವನು ಒಬ್ಬನೇ ಬಿದ್ದಿದ್ದ. ನಡೆದ ಕಥೆಯನ್ನು ಅವನಿಗೆ ಹೇಳಿದಳು. ಅವನು ಕೇಳಿಸಿಕೊಂಡು, ಹಾಗಾದರೆ ಕಿಟಕಿಯಲ್ಲಿದ್ದದ್ದು ಗಂಡಸೋ ಹೆಂಗಸೋ ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಹೊದ್ದುಕೋ ಎಂದದ್ದು, ತಲೆ ಬಾಚಿಕೋ ಎಂದು ಬೈದದ್ದು ಎಲ್ಲ ನೆನಪಾಗಿ ಕಿವಿಯವರೆಗೆ ಬಿಸಿಯೇರಿತು. ಯಾರ ಮನೆಯವರನ್ನೋ ಬೀದಿಯಲ್ಲಿ ನಿಂತು ಗದರಿದಂತಾಯಿತು. ಆಮೇಲೆ ಬೇರೊಂದು ಯೋಚನೆ ಬಂತು. ಆ ಕೈಯೂ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಅದಕ್ಕೆ ಕತ್ತರಿ ಕಾರಣವಲ್ಲ, ಅಷ್ಟೇ ಶಕ್ತಿ ಉಳಿದಿತ್ತೇನೋ.

ಮಾರನೆಯ ಬೆಳಿಗ್ಗೆ ಅವಳು ಕಿತ್ತಳೆ ಬಟ್ಟೆ ತೊಡುವುದನ್ನು ಟೈಲರ್ ಹಾಸಿಗೆಯಿಂದಲೇ ನೋಡಿದ.

"ನಾನು ಇಲ್ಲೇ ಇದ್ದೀನಲ್ಲೇ. ಇನ್ಯಾರಿಗೆ?"

"ಮೊಣಕಾಲಿಗೆ ಒಳ್ಳೇದು," ಎಂದು ಹೊರಟಳು. ಅವನು ಅವಳನ್ನು ಕರೆದು, ಹತ್ತಿರ ನಿಲ್ಲಿಸಿಕೊಂಡು, ಉದ್ದದ ತೋಳನ್ನು ಮಡಿಸಿ ಪಿನ್ನು ಚುಚ್ಚಿದ. ಅಷ್ಟಕ್ಕೇ ಏದುಸಿರು ಬಂದು ಮತ್ತೆ ಒರಗಿದ.

ಕಿಟಕಿಯ ಎದುರು ಬಂದಾಗ ಅವಳಿಗೆ ಕೈ ಎತ್ತುವುದಕ್ಕೆ ಸಂಕೋಚವಾಯಿತು. ಇಷ್ಟು ದಿನ ಹಕ್ಕಿನಿಂದ ಎತ್ತಿದ ಕೈ, ಈಗ ಕಂಡವರ ಮನೆಯ ಕದ ತಟ್ಟುವಂತೆ ಅಳುಕಿತು. ಗಾಜಿನ ಹಿಂದಿನ ಆಕೃತಿಗೆ ಅದೆಲ್ಲ ಏನು ಗೊತ್ತು? ಅದೇ ಮೊದಲು ಕೈ ಎತ್ತಿತು. ಇವಳು ತಿರುಗಿ ಎತ್ತಿದಳು, ಬೈಯಲಿಲ್ಲ, ಊಟ ಕೇಳಲಿಲ್ಲ. ಮೂರನೆಯ ಸುತ್ತಿನಲ್ಲಿ ಆ ಆಕೃತಿ ತಾನಾಗಿಯೇ ಬಾಯಿಯ ಹತ್ತಿರ ಬೆರಳು ಮಡಿಸಿ ತಂದು ತೋರಿಸಿತು: ಹೊಟ್ಟೆಗೆ ಹಾಕಿದೆ. ದಿನಾ ಕೇಳುವವಳು ಇವತ್ತು ಯಾಕೆ ಕೇಳಲಿಲ್ಲ ಎಂದುಕೊಂಡಿರಬೇಕು.

ಮನೆಗೆ ಬಂದು ವಿಚಾರಣೆಯ ನಂಬರಿಗೆ ಫೋನು ಮಾಡಿದಳು. ಮೂರನೇ ಮಹಡಿ, ಸಮುದ್ರದ ಕಡೆ, ಕೊನೆಯ ಕಿಟಕಿ, ಅವರು ಹೇಗಿದ್ದಾರೆ? ರೋಗಿಯ ಹೆಸರು ಕೇಳಿದರು, ಗೊತ್ತಿಲ್ಲ ಎಂದಳು.

"ನೀವು ಅವರಿಗೆ ಏನಾಗ್ಬೇಕು?"

ಈ ಪ್ರಶ್ನೆಗೆ ಅವಳು ಉತ್ತರ ಹುಡುಕಿದಳು. ಅಕ್ಕ, ತಂಗಿ, ಅತ್ತೆ, ಅತ್ತಿಗೆ, ನೆರೆಯವಳು. ಲೋಕದಲ್ಲಿ ಎಷ್ಟೊಂದು ಸಂಬಂಧಗಳಿವೆ, ಒಂದೂ ಹೊಂದಲಿಲ್ಲ. ಆ ಕಡೆಯ ದನಿ ಸ್ವಲ್ಪ ಕಾದು, ಸಂಬಂಧಿಕರಿಗೆ ಮಾತ್ರ ಹೇಳುವುದು ಎಂದು ಇಟ್ಟುಬಿಟ್ಟಿತು. ಅವಳು ಸಿಟ್ಟಾಗಲಿಲ್ಲ. ಟಿಕೆಟ್ ಇಲ್ಲದವರನ್ನು ಅವಳೂ ಯಾವತ್ತೂ ಒಳಗೆ ಬಿಟ್ಟವಳಲ್ಲ.

ಅವಳು ಹೋಗುವುದನ್ನು ಬಿಡಲಿಲ್ಲ. ಟೈಲರ್ ದಿನಕ್ಕಿಷ್ಟು ಚೇತರಿಸಿಕೊಂಡ. ಮೊದಲು ಮೆಷಿನ್ನಿನ ಧೂಳು ಒರೆಸಿದ. ಆಮೇಲೆ ಯಾರೋ ಅದನ್ನು ಮುಟ್ಟಿದ್ದಾರೆಂದು ಗೊಣಗಿದ. ಗೊಣಗುವಷ್ಟಾದನಲ್ಲ ಎಂದು ಅವಳಿಗೆ ಸಮಾಧಾನ. ಆದರೆ ಕಿಟಕಿಯ ಕೈ ದಿನದಿನಕ್ಕೆ ಕೆಳಗಿಳಿಯುತ್ತಿತ್ತು: ಭುಜದಿಂದ ಎದೆಗೆ, ಎದೆಯಿಂದ ಕಿಟಕಿಯ ಕಟ್ಟೆಗೆ. ಕೊನೆಕೊನೆಗೆ ಗಾಜಿಗೆ ಒತ್ತಿದ ಅಂಗೈ ಮಾತ್ರ ಕಾಣುತ್ತಿತ್ತು.

ಒಂದು ಮೋಡದ ಬೆಳಿಗ್ಗೆ ಆ ಕಿಟಕಿ ತೆರೆದಿತ್ತು. ಅದು ತೆರೆಯುವ ಕಿಟಕಿ ಎಂದೇ ಅವಳಿಗೆ ಗೊತ್ತಿರಲಿಲ್ಲ. ಕಟ್ಟೆಯ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ, ಪಟ್ಟೆ ಪಟ್ಟೆಯ ಹಾಸಿಗೆಯೊಂದು ಗಾಳಿಗೆ ಬಿದ್ದಿತ್ತು. ಆಕೃತಿಯಿರಲಿಲ್ಲ. ಗುಣವಾಗಿ ಮನೆಗೆ ಹೋಗಿರಬೇಕು ಎಂದು ಒಂದು ಸುತ್ತು ಅಂದುಕೊಂಡಳು, ಎರಡು ಸುತ್ತು ಅಂದುಕೊಂಡಳು. ಹಿಂದಿನಿಂದ ಡೈರೆಕ್ಟರ್ ಸಾಹೇಬರ ದಂಡು ಬಂತು. ಕೈ, ಕೈ ಎಂದು ಸಾಹೇಬರು ಹುರಿದುಂಬಿಸಿದರು. ಎಲ್ಲರೂ ಎರಡೂ ಕೈ ಎತ್ತಿ ಖಾಲಿ ಹಾಸಿಗೆಯ ಕಡೆಗೆ ಹುರುಪಿನಿಂದ ಬೀಸಿದರು. ಅವಳ ಕೈ ಏಳಲಿಲ್ಲ. ಇವತ್ತು ಭುಜ ನೋಯುತ್ತಿದೆಯಾ ಎಂದು ಬೇಕರಿಯವನು ಕೇಳಿದ. ಹೌದು ಎಂದಳು.

ಮನೆಗೆ ಬಂದಾಗ ಟೈಲರ್ ಯಾವುದೋ ಹಳೆಯ ಪ್ಯಾಂಟಿನ ಅಂಚು ಹೊಲಿಯುತ್ತಿದ್ದ. ಅಲ್ಲಿ ಮನೆಗೆ ಕಳಿಸುವಾಗ ಹಾಸಿಗೆ ಗಾಳಿಗೆ ಹಾಕುತ್ತಾರಾ ಎಂದು ಕೇಳಿದಳು. ಅವನ ಕಾಲು ಪೆಡಲಿನ ಮೇಲೆ ನಿಂತಿತು.

"ಮನೆಗೆ ಹೋದ್ರೆ ಬರೀ ಹೊದಿಕೆ ಬದಲಾಯಿಸ್ತಾರೆ," ಎಂದ. "ಹಾಸಿಗೆ ಹೊರಗೆ ಹಾಕಿದ್ರು ಅಂದ್ರೆ..." ಹಲ್ಲಿನಿಂದ ದಾರ ಕತ್ತರಿಸಿದ.

ಅವಳು ಒಳಗೆ ಹೋಗಿ, ಬಚ್ಚಲಿನ ನಲ್ಲಿ ಬಿಟ್ಟು, ಅದರ ಸದ್ದಿನ ಮರೆಯಲ್ಲಿ ಅತ್ತಳು. ಯಾರಿಗಾಗಿ ಎಂದು ಕೇಳಿದರೆ ಹೇಳಲು ಹೆಸರಿರಲಿಲ್ಲ. ಗಂಡ ಬದುಕಿ ಬಂದ ಮನೆಯಲ್ಲಿ ಕೂತು ಅಳುವುದು ಸರಿಯೂ ಅಲ್ಲ. ಟೈಲರ್ ಸದ್ದು ಕೇಳಿಸಿಕೊಂಡ. ನೀರು ಯಾಕೆ ಸುರಿಸುತ್ತೀ ಎಂದು ಗದರಬಹುದಿತ್ತು, ಗದರಲಿಲ್ಲ. ಮೆಷಿನ್ನನ್ನು ಮಾತ್ರ ಸ್ವಲ್ಪ ಹೊತ್ತು ಸುಮ್ಮನೆ, ಬಟ್ಟೆಯಿಲ್ಲದೆ, ತುಳಿದ.

ಮಾರನೆಯ ದಿನವೂ ಅವಳು ದಂಡೆಗೆ ಹೋದಳು, ಕಿತ್ತಳೆ ಬಟ್ಟೆಯಿಲ್ಲದೆ. ಕಾಲುಗಳು ತಮ್ಮ ಪಾಡಿಗೆ ತಾವು ಎದ್ದು ಹೊರಟಿದ್ದವು. ಗಾಳಿ ಮುಖಕ್ಕೆ ತಾಗಿತು, ಉಸಿರು ಸಲೀಸಾಗಿ ಬಂದು ಹೋಯಿತು. ಎಷ್ಟು ಬೇಡವೆಂದರೂ ಮೈಗೆ ಹಿತವಾಯಿತು. ಕೊನೆಯ ಕಿಟಕಿಯಲ್ಲಿ ಹೊಸದೊಂದು ಬಿಳಿ ಆಕೃತಿ ಆಗಲೇ ಬಂದು ನಿಂತಿತ್ತು.

ನಿರ್ಬಂಧಗಳು ಸಡಿಲವಾದ ಮೇಲೆ ಡೈರೆಕ್ಟರ್ ಸಾಹೇಬರು ವಾಕಿಂಗ್ ಸಂಘವನ್ನು ವಿಧಿವತ್ತಾಗಿ ಸ್ಥಾಪಿಸಿ, ತಾವೇ ಅಧ್ಯಕ್ಷರಾದರು. ಕೈ ಎತ್ತುವ ಜಾಗದಲ್ಲಿ ನಾಲ್ಕು ಕುರ್ಚಿ ಹಾಕಿ, ಸಂಘಕ್ಕೆ ಸ್ಫೂರ್ತಿಯಾದ ಮಹಿಳೆಗೆ ಹೂಗುಚ್ಛ ಕೊಡುವುದೆಂದು ತೀರ್ಮಾನವಾಯಿತು. ಟಿಕೆಟ್ ಅಕ್ಕ ಒಲ್ಲೆನೆಂದಳು. ಟೈಲರ್, ನಾಲ್ಕು ಜನರ ಮುಂದೆ ಹೋಗುವಾಗ ಸರಿಯಾದ ಬಟ್ಟೆ ಬೇಕು ಎಂದು ಆ ನೆಪದಲ್ಲಿ ಅವಳಿಗೊಂದು ಹೊಸ ಕೋಟು ಹೊಲಿದ. ಜ್ವರದ ನಂತರ ಅವನು ಪೂರ್ತಿ ಮಾಡಿದ ಮೊದಲ ಬಟ್ಟೆ. ಹಾಗಾಗಿ ಹೋಗಬೇಕಾಯಿತು. ಅವನೂ ಜೊತೆಗೆ ಬಂದು, ಏದುಸಿರು ಬಿಡುತ್ತ, ಕೊನೆಯ ಕುರ್ಚಿಯಲ್ಲಿ ಕೂತು ಅಧ್ಯಕ್ಷರ ಕಾಲರ್ ನೋಡತೊಡಗಿದ.

ಅಧ್ಯಕ್ಷರ ಭಾಷಣ ಪ್ರಕೃತಿಯಿಂದ ಹೊರಟು ಪ್ರಾಣವಾಯುವಿಗೆ ಬಂದು, ತಮ್ಮ ಸ್ವಂತ ರಕ್ತದೊತ್ತಡದ ಹಳೆಯ ಹೊಸ ಅಂಕಿಗಳನ್ನು ಹಾದು, ಸಾಗರವೇ ಮಹಾ ವೈದ್ಯ ಎಂಬಲ್ಲಿ ಲಂಗರು ಹಾಕಿತು. ಚಪ್ಪಾಳೆಯಾಯಿತು. ಯಾರೋ ಫೋನು ಎತ್ತಿ ಹಿಡಿದು ವಿಡಿಯೊ ಮಾಡುತ್ತಿದ್ದರು. ಅಧ್ಯಕ್ಷರು ಹೂಗುಚ್ಛವನ್ನು ಅವಳ ಕೈಗಿಟ್ಟು, ಫೋನಿನ ಕಡೆ ಸ್ವಲ್ಪ ತಿರುಗಿ, ದನಿ ತಗ್ಗಿಸಿ ಕೇಳಿದರು:

"ಹೇಳಿ ತಾಯಿ, ಅಂಥ ಕಷ್ಟಕಾಲದಲ್ಲಿ ದಿನಾ ಬೆಳಿಗ್ಗೆ ಇಲ್ಲಿ ಬಂದು ನೋಡುವಾಗ, ಸಮುದ್ರ ನಿಮಗೆ ಏನು ಹೇಳ್ತಿತ್ತು?"

ಅವಳು ಹೂಗುಚ್ಛವನ್ನು ಕುರ್ಚಿಯ ಮೇಲಿಟ್ಟಳು.

"ನಾನು ಸಮುದ್ರ ನೋಡ್ಲೇ ಇಲ್ಲ ಸಾರ್. ಅದು ನನ್ನ ಬೆನ್ನ ಹಿಂದಿತ್ತು."